ಎರಡನೇ ಸಲದ ಲೇಸರ್

ಕಣ್ಣಾಸ್ಪತ್ರೆಯ ಅಕ್ಷರಪಟದ ಮೂರನೇ ಸಾಲಿನ ‘ವ’ವನ್ನು ಮೃತ್ಯುಂಜಯ ‘ಪ’ ಎಂದು ಓದಿದ. ಬೇಕೆಂದೇ ಓದಿದ. ನಾಲ್ಕನೆಯ ಸಾಲಿಗೆ ಬರುವ ಹೊತ್ತಿಗೆ ಏನೂ ಕಾಣುವುದಿಲ್ಲ ಎಂದುಬಿಟ್ಟ.

“ಐದು ವರ್ಷದ ಹಿಂದೆ ಲೇಸರ್ ಮಾಡ್ಸಿದ್ದೆ ಮೇಡಂ. ನಂಬರು ವಾಪಸ್ ಬಂದ್ಬಿಟ್ಟೈತೆ. ಇನ್ನೊಂದ್ಸಲ ಮಾಡ್ಬಿಡಿ.”

ಡಾಕ್ಟರ್ ನಿಶ್ಚಿತಾ ಅವನ ಗದ್ದವನ್ನು ಯಂತ್ರದ ಮೇಲೆ ಇರಿಸಿದರು. ಯಂತ್ರ ಬಾಯಿಮಾತು ಕೇಳುವುದಿಲ್ಲ, ಕಣ್ಣನ್ನೇ ಅಳೆಯುತ್ತದೆ. ಈ ಪುಣ್ಯಾತ್ಮನಿಗೆ ಅದು ಗೊತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಅವನ ಹೆಂಡತಿ ತನುಜಾ ಕೂತಿದ್ದಳು. ಬೀರೂರಿನಿಂದ ತರೀಕೆರೆಗೆ ಇಬ್ಬರೂ ರೈಲಿನಲ್ಲಿ ಬಂದಿದ್ದರು, ಒಂದು ಮಾತೂ ಆಡದೆ. ಮೂರು ತಿಂಗಳಿಂದ ಅವನು ಕಾರು ಮುಟ್ಟಿರಲಿಲ್ಲ. ಮಗಳ ಮನೆಗೆಂದು ಹೊರಟು ಚೌಳಹಿರಿಯೂರು ಕ್ರಾಸಿನಲ್ಲಿ ನಿಂತಿದ್ದ ಅವಳ ಅಪ್ಪ ಸೋಮಶೇಖರಪ್ಪನವರಿಗೆ, ಒಂದು ಮುಸ್ಸಂಜೆ, ಆ ಕಾರೇ ಗುದ್ದಿತ್ತು. ಓಡಿಸುತ್ತಿದ್ದವನು ಮೃತ್ಯುಂಜಯ. ಅವರು ಜೀವಂತವಾಗಿ ಆಸ್ಪತ್ರೆ ತಲುಪಲಿಲ್ಲ.

“ಕಣ್ಣು ಮಂಜಾಗಿತ್ತು ಕಣೇ, ಕಾಣ್ಲಿಲ್ಲ” ಎಂದಿದ್ದ ಅವನು. ಅವಳು ನಂಬಿದ್ದಳು. ಅತ್ತಿರಲಿಲ್ಲ, ಬೈದಿರಲಿಲ್ಲ. ದಿನಾ ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಆ ನಂಬಿಕೆಯೊಂದು ಹೋದರೆ ಮನೆಯಲ್ಲಿ ಇನ್ನೇನೂ ಉಳಿಯುವಂತಿರಲಿಲ್ಲ. ಅಂದಿನಿಂದ ಅವನು ತನ್ನ ಫೋನನ್ನು ಅವಳ ಕೈಗೆ ಕೊಟ್ಟಿರಲಿಲ್ಲ.

“ಸೊನ್ನೆ” ಎಂದರು ಡಾಕ್ಟರ್, ಯಂತ್ರದ ಚೀಟಿ ಹರಿದು. “ಕಣ್ಣು ಚೆನ್ನಾಗಿದೆ. ಅಪಘಾತದ ವಿಷಯ ನಿಮ್ಮ ಮನೆಯವರು ಹೇಳಿದ್ರು. ಸುಳ್ಳು ಓದಿದ್ದು ಯಾಕೆ, ಕೇಸಿಗಾ?”

“ಕೇಸು ಏನಾದ್ರೂ ಆಗ್ಲಿ ಮೇಡಂ. ಅವಳಿಗೆ ಮಾತ್ರ ಕಣ್ಣು ಅಂತ್ಲೇ ಇರ್ಲಿ.”

“ಹಾಗಾದ್ರೆ ಅವತ್ತು ಎಲ್ಲಿ ನೋಡ್ತಿದ್ರಿ?”

“ಫೋನ್ ನೋಡ್ತಿದ್ದೆ.”

ಡಾಕ್ಟರಿಗೆ ಮೈ ಉರಿಯಿತು. “ಒಬ್ಬರ ಜೀವ ತೆಗೆದು ತಪ್ಪನ್ನ ಕಣ್ಣಿನ ಮೇಲೆ ಹಾಕ್ತೀರಾ? ಹೋಗಿ ಹೆಂಡ್ತಿಗೆ ನಿಜ ಹೇಳಿ. ಇಲ್ದಿದ್ರೆ ನಾನೇ ಹೇಳ್ತೀನಿ.”

ಮೃತ್ಯುಂಜಯ ಫೋನ್ ತೆಗೆದು, ಆ ದಿನದ ಕರೆಗಳ ಪಟ್ಟಿ ಹುಡುಕಿ, ಮೇಜಿನ ಮೇಲಿಟ್ಟ.

ಡಾಕ್ಟರ್ ನೋಡಿದರು. ಮತ್ತೊಮ್ಮೆ ನೋಡಿದರು. ಕನ್ನಡಕದ ಚೀಟಿಯಲ್ಲಿ ಸೊನ್ನೆ ಬರೆದು, ಮಡಚಿ ಅವನ ಜೇಬಿಗೆ ತುರುಕಿ, ಎದ್ದು ಹೊರಗೆ ಹೋದರು.

“ನಂಬರು ಬಂದಿದೆ ಅಮ್ಮಾ. ಕಣ್ಣಿಂದಲೇ ಆಗಿದ್ದು. ಲೇಸರ್ ಬೇಡ, ಕನ್ನಡಕ ಸಾಕು.”

ತನುಜಾ ತಲೆಯಾಡಿಸಿದಳು. ಮೂರು ತಿಂಗಳಲ್ಲಿ ಮೊದಲ ಸಲ ಗಂಡನ ಕೈ ಹಿಡಿದಳು. “ನೋಡ್ಕೊಂಡು ಇಳೀರಿ, ಮೆಟ್ಲು ಐತೆ.”

ಅಪಘಾತದ ಆ ನಿಮಿಷಕ್ಕೆ ಫೋನಿನಲ್ಲಿದ್ದದ್ದು ಅವನು ಎತ್ತದ ಒಂದೇ ಕರೆ: ಅಪ್ಪ ಕ್ರಾಸಿನಲ್ಲಿ ನಿಂತಿದ್ದಾರೆ, ಹತ್ತಿಸಿಕೊಂಡು ಬನ್ನಿ ಎಂದು ಹೇಳಲು ತನುಜಾ ಮಾಡಿದ್ದು.