ಒಂದೇ ಚಾರ್ಜಿನಲ್ಲಿ

ಕೈಯಲ್ಲಿದ್ದ ಗೇಮು ಒಮ್ಮೆ ಮಿನುಗಿ ಆರಿಹೋಯಿತು. ಹಾಲಿನ ವ್ಯಾನಿನ ಡ್ರೈವರ್ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದ.

"ಮೋಸ! ಪಕ್ಕದ ಗೂಡಲ್ಲಿ ಬೆಳಗಿಂದ ಬೆಳಕೇ ಇಲ್ಲ. ಆಯಮ್ಮ ಗೇಮು ಆರಿಸಿಟ್ಕೊಂಡು ಸುಮ್ನೆ ಗುಂಡಿ ಕುಟ್ತಾ ಕೂತಿದಾಳೆ!"

ರಿಪೇರಿ ಅಂಗಡಿಯ ಹಿಂದಿನ ಕೋಣೆ ಅದು. ವರ್ಷಕ್ಕೊಮ್ಮೆ ಅಲ್ಲಿ ಪಂದ್ಯ. ಎಲ್ಲರಿಗೂ ಒಂದೇ ಬಗೆಯ ಹಳೆಯ ಗೇಮು, ಅಂಗಡಿಯವನೇ ಹಾಕಿಕೊಟ್ಟ ಹೊಸ ಬ್ಯಾಟರಿ, ಒಂದೇ ಒಂದು ಚಾರ್ಜ್. ಆಟ ಕುಸ್ತಿಯದು. ಒಬ್ಬ ಪೈಲ್ವಾನ ಬಿದ್ದರೆ ಇನ್ನೊಬ್ಬ ಬರುತ್ತಾನೆ. ನಡುವೆ ನಿಲ್ಲಿಸುವ ಹಾಗಿಲ್ಲ. ನಮ್ಮವನು ಬಿದ್ದರೂ ಸೋಲು, ಬ್ಯಾಟರಿ ಸತ್ತರೂ ಸೋಲು. ಕೊನೆಗೆ ಉಳಿದವರ ಹೆಸರನ್ನು ಬಾಗಿಲ ಮೇಲಿನ ಹಲಗೆಯಲ್ಲಿ ಬರೆಯುತ್ತಾರೆ. ಹಲಗೆಯ ತುಂಬ ಡ್ರೈವರನ ಹೆಸರೇ.

ಬ್ಯಾಟರಿಯನ್ನು ನುಂಗುವುದು ಸ್ಕ್ರೀನಿನ ಬೆಳಕು. ಅದು ಎಲ್ಲರಿಗೂ ಗೊತ್ತು. ಅದಕ್ಕೆಂದೇ ಕಿಟಕಿಗಳಿಗೆ ರಟ್ಟು ಹೊಡೆದು, ರಟ್ಟಿನಿಂದಲೇ ಗೂಡು ಮಾಡಿ, ಪರದೆ ಇಳಿಬಿಟ್ಟು ಆಡುತ್ತಿದ್ದರು. ಕೋಣೆ ಕತ್ತಲಾದಷ್ಟೂ ಸ್ಕ್ರೀನನ್ನು ಮಂಕು ಮಾಡಬಹುದು. ಡ್ರೈವರನಂತೂ ಸೌಂಡನ್ನು ಪೂರ್ತಿ ಅಡಗಿಸಿ, ಬೆಳಕನ್ನು ತನ್ನೊಬ್ಬನಿಗೆ ಕಾಣುವಷ್ಟಕ್ಕೆ ಇಳಿಸಿ, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ರೆಪ್ಪೆ ಬಡಿಯದೆ ಆಡುವವನು.

ಈ ಸಲ ಹಾಲು ಹಾಕಿ ಬರುವಷ್ಟರಲ್ಲಿ ಪಕ್ಕದ ಗೂಡಿನ ಪರದೆ ಇಳಿದಿತ್ತು. ಯಾರೆಂದು ಕೇಳಿದ್ದಕ್ಕೆ ಎದುರು ಗೂಡಿನಲ್ಲಿ ಆಡಲು ಕೂತಿದ್ದ ಕ್ಷೌರಿಕ ಕಣ್ಣು ಮಿಟುಕಿಸಿದ್ದ. "ಬಸ್ ನಿಲ್ದಾಣದ ಮೈಕಲ್ಲಿ ಕೂಗ್ತಾಳಲ್ಲ, ಆಯಮ್ಮ. ಎಷ್ಟು ನಾಚಿಕೆ ಅಂತೀಯ! ಅಣ್ಣನ ತೋಳು ಬಿಡದೆ ಒಳಗೆ ಬಂದ್ಲು. ಕಿವಿಗೆ ವೈರ್ ಸಿಕ್ಕಿಸಿ ಸೌಂಡ್ ಪೂರ್ತಿ ಇಟ್ಕೊಂಡಿದಾಳಂತೆ."

"ಸೌಂಡ್ ಹಾಕಿದೋಳು ಊಟದ ಹೊತ್ತಿಗೆ ಮನೇಲಿರ್ತಾಳೆ ಬಿಡು," ಎಂದು ಡ್ರೈವರ್ ನಕ್ಕಿದ್ದ.

ಆ ದನಿ ಅವನಿಗೆ ಚೆನ್ನಾಗಿ ಗೊತ್ತು. ಊರಿಗೆಲ್ಲ ಗೊತ್ತು. ಮುಖ ಕಂಡವರು ಕಡಿಮೆ. ಬೆಳಿಗ್ಗೆ ಅವಳ ಅಣ್ಣ ಪರದೆಯಾಚೆ ನಿಂತು ಗೋಗರೆದದ್ದನ್ನೂ ಅವನು ಕೇಳಿಸಿಕೊಂಡಿದ್ದ. "ಬೇಡಮ್ಮ, ಇದು ನಿನ್ನ ಕೈಲಿ ಆಗೋದಲ್ಲ. ಜನ ನಗ್ತಾರೆ."

"ನಗ್ಲಿ ಬಿಡಣ್ಣ. ನನ್ನ ಕೈಲಿ ಏನಾಗುತ್ತೆ ಅಂತ ನನ್ನ ಕೈಗೆ ಗೊತ್ತು."

ಊಟದ ಹೊತ್ತಿಗೆ ಕ್ಷೌರಿಕನೇ ಪಂದ್ಯದಿಂದ ಹೊರಬಿದ್ದು, ಕೊನೆ ನೋಡಲು ಅಲ್ಲೇ ಕತ್ತಲಲ್ಲಿ ಕೂತ. ಅವನ ಗೂಡಿನ ಮೇಲೆ ಛಾವಣಿಗೆ ಬೀಳುತ್ತಿದ್ದ ನೀಲಿ ಮಬ್ಬು ಆರಿತು. ಡ್ರೈವರನ ತಲೆಯ ಮೇಲೂ ಒಂದು ಚೂರು ಮಬ್ಬಿತ್ತು. ಪಕ್ಕದಲ್ಲಿ ಮಾತ್ರ ಏನೂ ಇಲ್ಲ. ಕತ್ತಲಲ್ಲಿ ಟಕ್ ಟಕ್ ಟಕ್ ಎಂದು ಗುಂಡಿಯ ಸದ್ದು. ಸಂಜೆಯ ತನಕವೂ ಅದು ನಿಲ್ಲಲಿಲ್ಲ. ಈಗಲೂ ನಿಂತಿಲ್ಲ.

ಅಂಗಡಿಯವನು ಒಳಗೆ ಬಂದ. "ದೂರು ಅಂದ್ರೆ ದೂರೇ. ಸುಳ್ಳಾದ್ರೆ ಹಲಗೆಯಿಂದ ನಿನ್ನ ಹೆಸರು ಅಳಿಸ್ಬೇಕಾಗುತ್ತೆ. ನಿಜವಾದ್ರೆ ಆಕೆ ಮತ್ತೆ ಈ ಬಾಗಿಲು ತುಳಿಯೋ ಹಾಗಿಲ್ಲ."

"ಅಳಿಸು. ನಾನೇನು ಹೆದರ್ತೀನಾ?"

ಅಂಗಡಿಯವನು ಪರದೆಯ ಹತ್ತಿರ ಬಾಗಿದ. "ಕೇಳಿಸ್ತೇನಮ್ಮ? ಯಾಕೆ ರಗಳೆ, ನಾನೇ ಹೇಳಿಬಿಡ್ಲಾ?"

"ಬಾಯಿ ಬಿಟ್ರೆ ನೋಡಿ!" ಒಳಗಿನಿಂದ ಮೈಕಿನದೇ ದನಿ. "ಕರುಣೆಗೆ ಗೆದ್ಲು ಅನ್ನಿಸ್ಕೊಳ್ಳೋಕೆ ನಾನು ಬಂದಿಲ್ಲ. ಡ್ರೈವರಣ್ಣ, ಪರದೆ ತೆಗೀರಿ. ಬೇಕಾದಷ್ಟು ಹುಡುಕಿ. ಆದ್ರೆ ಕೈಗೆ ಅಡ್ಡ ಬರ್ಬೇಡಿ, ಪೈಲ್ವಾನ ಮೈಮೇಲೆ ಬರ್ತಿದಾನೆ."

"ನಾಟಕ ನೋಡು!" ಡ್ರೈವರ್ ಪರದೆಯನ್ನು ಎಳೆದ. ಅಂಗಡಿಯವನು ಕಿಟಕಿಯ ರಟ್ಟನ್ನು ಕಿತ್ತ. ಸಂಜೆಯ ಬಿಸಿಲು ಒಮ್ಮೆಲೆ ನುಗ್ಗಿತು. ಇಡೀ ದಿನ ಕತ್ತಲಲ್ಲಿದ್ದ ಡ್ರೈವರ್, ಕ್ಷೌರಿಕ ಇಬ್ಬರೂ ಅಯ್ಯೋ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದರು. ಆಕೆಯ ಬೆರಳು ಗುಂಡಿ ಬಿಡಲಿಲ್ಲ.

ಸ್ಕ್ರೀನು ಕಪ್ಪಗಿತ್ತು.

"ಸತ್ತಿದೆ! ನೋಡ್ರೋ, ನಾನು ಹೇಳ್ಲಿಲ್ವಾ?" ಡ್ರೈವರ್ ಕೈಚಾಚಿ ಕಿವಿಯ ವೈರನ್ನು ಗೇಮಿನಿಂದ ಕಿತ್ತೆಳೆದ.

ಢಬ್! ಕೋಣೆಯ ತುಂಬ ಪೆಟ್ಟಿನ ಸದ್ದು. ಎಡಕ್ಕೊಂದು ಹೂಂಕಾರ, ಬಲಕ್ಕೊಂದು ಹೆಜ್ಜೆ. ಆಕೆ ಕತ್ತು ಓರೆ ಮಾಡಿ, ಎರಡು ಗುಂಡಿ ಒತ್ತಿದಳು. ಯಾರೋ ನೆಲಕ್ಕೆ ಅಪ್ಪಳಿಸಿದ ಸದ್ದು, ಜನರ ಚಪ್ಪಾಳೆ.

ಅಂಗಡಿಯವನು ಬಾಗಿ ಬೆಳಕಿನ ಗುಂಡಿಯನ್ನು ಒತ್ತಿದ. ಆಕೆಯ ಪೈಲ್ವಾನ ಎದೆ ಸೆಟೆಸಿ ನಿಂತಿದ್ದ. ಎದುರಾಳಿ ಕಾಲ ಬಳಿ ಅಂಗಾತ ಬಿದ್ದಿದ್ದ. ಮೂಲೆಯಲ್ಲಿ ಬ್ಯಾಟರಿಯ ಗುರುತು ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು.

"ಬೆಳಕು ಪೂರ್ತಿ ಆರಿಸಿ ಆಡಿದ್ರೆ ಇಷ್ಟೊತ್ತು ಬರುತ್ತೆ," ಎಂದ ಅಂಗಡಿಯವನು. "ಆ ಗುಂಡಿ ನಿಮ್ಮೆಲ್ಲರ ಗೇಮಲ್ಲೂ ಇತ್ತು."

"ಸ್ಕ್ರೀನ್ ಆರಿಸಿ ಆಡೋದಾ? ಅದು ಹೇಗೆ..." ಎಂದ ಡ್ರೈವರ್. ಆಡಿದ ಮಾತಿಗೆ ತಪ್ಪುವವನಲ್ಲ ಅವನು. ಮೇಜಿನ ಮೇಲಿದ್ದ ಒದ್ದೆ ಬಟ್ಟೆ ತೆಗೆದುಕೊಂಡು, ತಲೆ ತಗ್ಗಿಸಿ ಹಲಗೆಯತ್ತ ನಡೆದ.

"ಡ್ರೈವರಣ್ಣ, ಅಳಿಸ್ಬೇಡಿ. ಹಾಗೇ ಬಿಟ್ಟು ಹೋಗಲೂಬೇಡಿ. ನಿಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನ ಸರಿಯಾಗಿ ಬರೀತಾರಾ ಅಂತ ಓದಿ ಹೇಳೋಕೆ ನನಗೊಬ್ಬರು ಬೇಕು," ಎನ್ನುತ್ತ ಆಕೆ ಕುರ್ಚಿಯ ಕೆಳಗೆ ಕೈಯಾಡಿಸಿ, ಮಡಚಿಟ್ಟಿದ್ದ ಬಿಳಿ ಕೋಲನ್ನು ಬಿಡಿಸಿಕೊಂಡು ಎದ್ದು ನಿಂತಳು.