ನೆಲ ಡೊಂಕು

ಮೂರು ವರ್ಷದಿಂದ ಅವಳು ಕಾಯುತ್ತಿದ್ದ ಕಳ್ಳ ತಾನಾಗಿಯೇ ಮನೆಗೆ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಒಂದು ಲೋಟ ನೀರು ಕೊಡ್ತೀರಾ ಅಕ್ಕ?" ಎಂದ.

ಕೊಟ್ಟಳು. ಮೊದಲು ನೀರು ಕುಡಿಸುವುದು, ಆಮೇಲೆ ಬೆವರಿಳಿಸುವುದು ಎಂದು ತೀರ್ಮಾನಿಸಿಕೊಂಡೇ ಇದ್ದಳು.

ಅವನು ಕಂಪ್ಯೂಟರ್ ಅಂಗಡಿಯವನು. ಅವಳ ಡೆಸ್ಕ್‌ಟಾಪ್ ಜೋಡಿಸಿಕೊಟ್ಟವನು ಅವನೇ, ಈಗ ಅದನ್ನು ವಾಪಸು ಕೊಳ್ಳಲು ಬಂದವನೂ ಅವನೇ. "ಗುಜರಿಗೆ ಹಾಕು, ಅವನ ಸಹವಾಸ ಬೇಡ" ಎಂದು ಗಂಡ ಹೇಳಿದ್ದ. ಗಂಡ ಆಫೀಸಿಗೆ ಹೋದ ಮೇಲೆ ಅವಳು ಫೋನ್ ಮಾಡಿ ಕರೆಸಿದ್ದಳು. ಮಾರುವುದು ಬರೀ ನೆಪ. ಅವನ ಬಾಯಿಂದ 'ತಪ್ಪಾಯ್ತು' ಎನ್ನುವ ಒಂದು ಮಾತು ಅವಳಿಗೆ ಬೇಕಿತ್ತು.

ಮನೆ ಕಟ್ಟುವ ಮೊದಲೇ ಅದರ ಹಾಲ್, ಅಡುಗೆಮನೆ, ಕಿಟಕಿಯಿಂದ ಬೀಳುವ ಬಿಸಿಲು, ಎಲ್ಲವನ್ನೂ ಪರದೆಯ ಮೇಲೆ ಮೂಡಿಸಿ ತೋರಿಸುವ ಕೆಲಸವನ್ನು ಅವಳು ತಾನೇ ಕಲಿತಿದ್ದಳು. ಅದಕ್ಕೆ ಒಳ್ಳೆಯ ಕಂಪ್ಯೂಟರ್ ಬೇಕಿತ್ತು. ಟ್ಯೂಷನ್ ಹೇಳಿ ಕೂಡಿಟ್ಟ ಹಣವಿತ್ತು. ಗಂಡ ಬಿಲ್ಡರ್ ಆಫೀಸಿನಲ್ಲಿ ನಕ್ಷೆ ಬರೆಯುವವನು, ಅಚ್ಚುಕಟ್ಟಿಗೆ ಹೆಸರಾದವನು. ಪೆನ್ನಾಗಲಿ, ಪೇಸ್ಟಾಗಲಿ, ಉಪ್ಪಿನ ಡಬ್ಬಿಯಾಗಲಿ, ಮುಚ್ಚಳ ಹಾಕದೆ ಅವನಿಗೆ ಜೀವಕ್ಕೆ ಸಮಾಧಾನವಿಲ್ಲ. ಯಾವ ಮಾನಿಟರಿನಲ್ಲಿ ಬಣ್ಣ ನಿಜವಾದ ಬಣ್ಣದಂತೆಯೇ ಕಾಣುತ್ತದೆ, ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಯಾವುದಕ್ಕೆ ಎಷ್ಟು ಶಕ್ತಿ ಎಂದು ತಿಂಗಳುಗಟ್ಟಲೆ ಓದಿ, ಸ್ಕೇಲಿಟ್ಟು ಗೀಟು ಹಾಕಿ ಪಟ್ಟಿ ಮಾಡಿದ. "ಮಾನಿಟರ್ ಆಮೇಲೂ ಬದಲಾಯಿಸಬಹುದು ಕಣೇ, ಕಾರ್ಡಲ್ಲಿ ಮಾತ್ರ ಜಿಪುಣತನ ಬೇಡ" ಎಂದವನೂ ಅವನೇ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ?

ಜೋಡಿಸಿದ ದಿನ ಅಂಗಡಿಯವನು ಮೇಜಿನ ಹಿಂದಿನಿಂದ ಎದ್ದು ಬಂದು, ಉಗುರಿನಷ್ಟು ದೊಡ್ಡ ಕಪ್ಪು ಪ್ಲಾಸ್ಟಿಕ್ ತುಂಡೊಂದನ್ನು ಮಗಳ ಕೈಗಿಟ್ಟು, "ತಗೋ ಪುಟ್ಟಿ, ಆಟಕ್ಕೆ" ಎಂದಿದ್ದ. ಮಗಳು ಅದಕ್ಕೆ ಅಮ್ಮನ ಉಗುರುಬಣ್ಣದಿಂದ ಎರಡು ಕೆಂಪು ಚುಕ್ಕೆ ಇಟ್ಟು ಗೊಂಬೆಗೆ ಟೋಪಿ ಮಾಡಿಕೊಂಡಳು.

ಮೊದಲ ಎರಡು ವಾರ ಕಂಪ್ಯೂಟರ್ ಹಾರಿತು. ಗಂಡನ ಬಿಲ್ಡರ್ ಮನೆಗೇ ಬಂದು ಚಿತ್ರ ನೋಡಿ ದಂಗಾದ. "ನಿಮ್ಮ ಯಜಮಾನ್ರು ಹತ್ತು ವರ್ಷದಲ್ಲಿ ತೋರಿಸದೇ ಇದ್ದಿದ್ದನ್ನ ನೀವು ಹತ್ತು ದಿನದಲ್ಲಿ ತೋರಿಸಿಬಿಟ್ರಿ" ಎಂದು ಹನ್ನೆರಡು ಮನೆಗಳ ಕೆಲಸ ಒಪ್ಪಿಸಿದ. ಎಲ್ಲರೂ ನಕ್ಕರು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ.

ಆ ವಾರವೇ ಗ್ರಹಚಾರ ಒಕ್ಕರಿಸಿತು. ಗೊಂಬೆಯ ಟೋಪಿ ಕಾಣೆಯಾಗಿ ಮಗಳು ರಂಪ ಮಾಡಿದಳು. ಗಂಡ ಮಂಚದಡಿಯೆಲ್ಲ ಹುಡುಕಾಡಿ, ಕೊನೆಗೆ ಹೊಸ ಗೊಂಬೆಯನ್ನೇ ತಂದುಕೊಟ್ಟ. ಅದರ ಬೆನ್ನಿಗೇ ಕಂಪ್ಯೂಟರ್ ಬಸವನಹುಳುವಾಯಿತು. ಒಂದು ಕೋಣೆ ತಿರುಗಿಸಿ ನೋಡಲು ಕಾಲು ಗಂಟೆ. ಗಂಡ ಆಗಲೂ ಕೈಬಿಡಲಿಲ್ಲ. ಇನ್ನೂ ದೊಡ್ಡ ಮಾನಿಟರ್ ತಂದು, ಮೇಜಿನ ಹಿಂದೆ ತಾನೇ ನುಗ್ಗಿ ಕೇಬಲ್ ಹಾಕಿದ. "ನೀನು ಹಿಂದೆ ಕೈ ಹಾಕಬೇಡ, ಶಾಕ್ ಹೊಡೆದೀತು." ಇನ್ನಷ್ಟು ನಿಧಾನವಾಯಿತು. ಅಂಗಡಿಗೂ ಹೋಗಿ ಬಂದು, ಬೇಜಾರಿನಿಂದ ಹೇಳಿದ: "ಕಾರ್ಡ್ ಸರಿಯಾಗೇ ಇದೆಯಂತೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಅಂತ ನಕ್ಕುಬಿಟ್ಟ ಕಣೇ ಅವನು."

ಹೇಳಿದ ದಿನಕ್ಕೆ ಒಂದು ಚಿತ್ರವನ್ನೂ ಕೊಡಲಾಗಲಿಲ್ಲ. ಬಿಲ್ಡರ್ ಕೆಲಸ ವಾಪಸು ತೆಗೆದುಕೊಂಡ. ಅವಳೀಗ ಟೈಲ್ಸ್ ಅಂಗಡಿಯ ಕೌಂಟರಿನಲ್ಲಿ ನಿಂತು ಬೇರೆಯವರ ಮನೆಗೆ ನೆಲ ಆರಿಸಿಕೊಡುತ್ತಾಳೆ. "ಹೋಗ್ಲಿ ಬಿಡು, ಎಲ್ಲಾ ಎಲ್ಲರಿಗೂ ಒಲಿಯಲ್ಲ" ಎಂದು ಗಂಡ ತಲೆ ಸವರಿದ ದಿನ ಅವಳು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು. ತನ್ನ ಕೈಯನ್ನು ತಾನೇ ನಂಬದಂತಾಗಿದ್ದಳು.

"ನೆಲ ಡೊಂಕು ಅಂದಿದ್ರಲ್ಲ, ನೆನಪಿದೆಯಾ?" ಎಂದು ಕೇಳಿದಳು.

ಅಂಗಡಿಯವನು ಲೋಟ ಕೆಳಗಿಟ್ಟ. "ಯಾರಿಗಕ್ಕ? ಕಂಪ್ಯೂಟರ್ ಕೆಟ್ಟಿದೆ ಅಂತ ನಿಮ್ಮನೆಯಿಂದ ಯಾರೂ ಬರ್ಲೇ ಇಲ್ವಲ್ಲ!"

ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾನೆ ಎಂದು ಅವಳ ಮೈ ಉರಿಯಿತು. ಹಳೆಯ ಮನೆಯೊಂದರ ಚಿತ್ರ ತೆರೆದು ತೋರಿಸಿದಳು. ಅದು ತೆವಳಿತು. ಅವನು ಹುಬ್ಬುಗಂಟಿಕ್ಕಿ, ಮೊಬೈಲ್ ಟಾರ್ಚ್ ಹಿಡಿದು ಮೇಜಿನ ಹಿಂದೆ ತೂರಿದ.

"ಅಯ್ಯೋ ಅಕ್ಕ! ಮಾನಿಟರ್ ಕೇಬಲ್ಲು ಕಂಪ್ಯೂಟರಿನ ಮೇಲಿನ ಪೋರ್ಟಿನಲ್ಲಿದೆ, ಕಾರ್ಡಿನ ತೂತಿನಲ್ಲಲ್ಲ. ಕಾರ್ಡು ಕೆಳಗಡೆ ಸುಮ್ಮನೆ ಕೂತಿದೆ. ಹೀಗೆ ಹಾಕಿದ್ರೆ ಕಾರ್ಡು ಇದ್ದೂ ಇಲ್ಲದ ಹಾಗೆ."

ಏನನ್ನೋ ಕಿತ್ತ, ಏನನ್ನೋ ಸಿಕ್ಕಿಸಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಅವಳು ಮೌಸ್ ಮುಟ್ಟಿದ್ದೇ ತಡ, ಹಾಲ್ ಗಿರ್ರನೆ ತಿರುಗಿತು. ಕಿಟಕಿಯ ಬಿಸಿಲು ನೆಲದ ಮೇಲೆ ಜಾರಿತು.

"ಅವತ್ತು ಕೇಬಲ್ ಹಾಕಿದ್ದು ನೀವೇ ತಾನೇ?"

"ನಾನು ಕಾರ್ಡಿಗೇ ಹಾಕಿದ ಹಾಗೆ ನೆನಪು ಅಕ್ಕ..." ಅವನ ದನಿ ಇಳಿಯಿತು. "ಹಾಕಿದ್ರೆ ಒಂದು ಮುಚ್ಚಳನಾದ್ರೂ ತೆಗೆದಿರಬೇಕಿತ್ತು. ಹೊಸ ಕಾರ್ಡಿಗೆ ಧೂಳು ಹೋಗದಿರಲಿ ಅಂತ ನಾಲ್ಕು ಪೋರ್ಟಿಗೂ ಮುಚ್ಚಳ ಇಟ್ಟಿರ್ತಾರೆ. ಈಗ ನೋಡಿದ್ರೆ ನಾಲ್ಕೂ ಹಾಗೇ ಇದ್ವು. ಅಂದ್ರೆ ತಪ್ಪು ನನ್ನದೇ. ಕ್ಷಮಿಸಿಬಿಡಿ."

ಮೂರು ವರ್ಷ ಕಾದ ಮಾತು ಬಂದಿತ್ತು. ಮುಂದೆ ಯೋಚಿಸುವ ಮೊದಲೇ ಅವಳ ಎದೆ ಹಗುರಾಯಿತು. ಸಂಜೆ ಗಂಡ ಬಂದ ಕೂಡಲೇ ಹೇಳಬೇಕು: ರೀ, ನನಗೆ ಕುಣಿಯೋಕೆ ಬರುತ್ತಿತ್ತು, ನೆಲವೇ ಡೊಂಕಾಗಿತ್ತು. ಅವನಿಗಿಂತ ಹೆಚ್ಚು ಸಂತೋಷಪಡುವವರು ಇನ್ಯಾರಿದ್ದಾರೆ?

ಅಂಗಡಿಯವನು ಉಳಿದ ಮುಚ್ಚಳಗಳನ್ನೂ ಕಿತ್ತು, ಎದ್ದು ಬಂದು, ತಪ್ಪೊಪ್ಪಿಗೆಯಂತೆ ನಾಲ್ಕನ್ನೂ ಅವಳ ಅಂಗೈಯಲ್ಲಿಟ್ಟ.

ಮೂರು ಬರೀ ಕಪ್ಪಗಿದ್ದವು. ನಾಲ್ಕನೆಯದರ ಮೇಲೆ ಉಗುರುಬಣ್ಣದ ಎರಡು ಕೆಂಪು ಚುಕ್ಕೆಗಳಿದ್ದವು.