ಟಾಂಗಾ ಹತ್ತುವ ತನಕ

ಅರವತ್ತೆಂಟು, ಅರವತ್ತೊಂಬತ್ತು ಎಂದು ತುಟಿಯಲ್ಲೇ ಎಣಿಸುತ್ತ, ಸೆರಗು ಬಿಗಿದು ಕಟ್ಟಿಕೊಂಡು, ಸಾವಂತ್ರೆವ್ವ ನಡುಮನೆಯಲ್ಲಿ ಟೊಂಕ ತಿರುಗಿಸುತ್ತಿದ್ದಳು. ಟೊಂಕದ ಸುತ್ತ ಬಿದಿರಿನ ರಿಂಗು ಗಿರಗಿರನೆ ಸುತ್ತುತ್ತಿತ್ತು. ಮುಂಬಯಿಯಿಂದ ಈ ಹೊಸ ಆಟ ಕಲಿತು ಬಂದ ಡ್ರಿಲ್ ಟೀಚರ್ ಮಂದಾಕಿನಿಬಾಯಿ ಶಾಲೆಯಲ್ಲಿ ಒಮ್ಮೆ ಆಡಿ ತೋರಿಸಿದ್ದೇ ನೆಪ. ಎರಡನೇ ಇಯತ್ತೆಗೆ ಕಲಿಸುವ ಮೂವತ್ತಾರು ವರ್ಷದ ಸಾವಂತ್ರೆವ್ವ ಅಕ್ಕೋರಿಗೆ ಅದರ ಹುಚ್ಚು ಹಿಡಿದಿತ್ತು. ಮೇದಾರನ ಹತ್ತಿರ ಹೋಗಿ, ಬುಟ್ಟಿ ಬೇಡ, ಬುಟ್ಟಿಯ ಬರೀ ಅಂಚೊಂದನ್ನು ದೊಡ್ಡದಾಗಿ ಮಾಡಿಕೊಡು ಎಂದು ಮಾಡಿಸಿಕೊಂಡು ಬಂದಿದ್ದಳು. ಎರಡು ತಿಂಗಳಾದರೂ ನೂರು ಸುತ್ತು ದಾಟಿರಲಿಲ್ಲ. "ಟೊಂಕಕ್ಕ ಗಾಲಿ ಹಾಕ್ಕೊಂಡ ಕುಣಿಯೂ ಸೊಸಿ ಇಡೀ ಹುಬ್ಬಳ್ಳ್ಯಾಗ ನಮ್ಮನಿಗೊಬ್ಬಾಕಿನ ಸಿಕ್ಕಾಳ" ಎಂದು ಅತ್ತೆ ಮುದಕವ್ವ ದಿನಾ ಗೊಣಗುವುದು ತಪ್ಪಿರಲಿಲ್ಲ.

"ಮುದಕವ್ವಾರ, ಬೇವಿನ ತಪ್ಪಲಾ ಅದಾವೇನ್ರಿ?" ಎನ್ನುತ್ತ ಪಕ್ಕದ ಮನೆಯ ಗೋದಾಬಾಯಿ ಬಾಗಿಲು ದೂಡಿಕೊಂಡು ಬಂದಳು. ಹೆಗಲ ಮೇಲೆ ಐದು ವರ್ಷದ ಮಗಳು ಸುಲಭಾ. ಬಂದವಳು ಅಲ್ಲೇ ನಿಂತುಬಿಟ್ಟಳು. ಬಿಚ್ಚಿದ ಕೂದಲು, ಬೆವೆತ ಮುಖ, ಕೈಯೇ ಮುಟ್ಟದೆ ಮೈ ಸುತ್ತ ತಿರುಗುವ ರಿಂಗು. ಅಂಥದನ್ನು ಅವಳು ಕಂಡವಳೇ ಅಲ್ಲ.

"ಅಯ್ಯ ನನ್ನ ತಾಯೀ!" ಎಂದು ಹೊಸ್ತಿಲಲ್ಲೇ ಕುಸಿದು, ಮಗುವನ್ನು ಮಡಿಲಿಗಿಳಿಸಿಕೊಂಡು ಕೈ ಮುಗಿದಳು. "ಮುದಕವ್ವಾರ, ಲಗೂ ಬರ್ರಿ! ನಿಮ್ಮ ಸೊಸಿ ಮೈಯಾಗ ದೇವಿ ಬಂದಾಳ!"

ಸಾವಂತ್ರೆವ್ವ ನಕ್ಕು ರಿಂಗು ಕೆಳಗೆ ಬಿಡುವವಳಿದ್ದಳು. ಅಷ್ಟರಲ್ಲಿ ಮಗುವಿನ ಉಸಿರು ಕೇಳಿಸಿತು. ಒಣಕಟ್ಟಿಗೆಯಲ್ಲಿ ಗರಗಸ ಎಳೆದಂಥ ಸದ್ದು. ಕುತ್ತಿಗೆ ದವಡೆಯ ತನಕ ಬಾತಿತ್ತು, ತುಟಿ ನೀಲಿಗಟ್ಟಿತ್ತು. ಹೋದ ತಿಂಗಳು ಅವಳ ವರ್ಗದ ಹುಡುಗಿಯೊಬ್ಬಳು ಹೀಗೆಯೇ ಉಸಿರಾಡುತ್ತ ಮನೆಗೆ ಹೋದವಳು ಮತ್ತೆ ಶಾಲೆಗೆ ಬಂದಿರಲಿಲ್ಲ.

"ಗಂಟಲಮಾರಿ ಆಗಿ ನೀನ ಬಂದೀದಿ, ನೀನ ಬಿಟ್ಟ ಹೋಗವ್ವಾ," ಎಂದು ಗೋದಾಬಾಯಿ ಅಳತೊಡಗಿದಳು.

"ಗೋದಾಬಾಯಿ, ಮದಲ ದವಾಖಾನಿಗೆ ಕರಕೊಂಡ ಹೋಗ್ರಿ," ಎಂದಳು ಸಾವಂತ್ರೆವ್ವ.

ಗೋದಾಬಾಯಿಯ ಅಳು ನಿಂತಿತು. ತಲೆ ಎತ್ತಿ ಸಂಶಯದಿಂದ ನೋಡಿದಳು. "ಹೋಗ್ರಿ ಅಂತೀಯಲ್ಲವಾ... ದೇವಿ ಯಾರಿಗರ 'ರಿ' ಹಚ್ಚಿ ಮಾತಾಡತಾಳೇನು?"

ಹಿತ್ತಲಿನಿಂದ ಒದ್ದೆ ಕೈಯಲ್ಲೇ ಓಡಿಬಂದ ಮುದಕವ್ವ, "ಯಾತರ ದೇವಿ ತಗಿ, ಇಕಿ ದಿನಾ ಇದನ್ನ..." ಎಂದು ಬಾಯಿ ತೆಗೆದಳು. ಆಗ ಮಗುವಿನ ಉಸಿರು ಒಮ್ಮೆ ಕಟ್ಟಿ, ಬಹಳ ಹೊತ್ತಾದ ಮೇಲೆ ಬಂತು. ಮುದುಕಿ ಮಾತು ಅರ್ಧಕ್ಕೇ ಬಿಟ್ಟು ಮಗುವನ್ನು ನೋಡಿ, ಸೊಸೆಯ ಮುಖ ನೋಡಿದಳು.

ಜಾರುತ್ತಿದ್ದ ರಿಂಗನ್ನು ಸಾವಂತ್ರೆವ್ವ ಟೊಂಕ ಕೊಡವಿ ಮೇಲಕ್ಕೆತ್ತಿಕೊಂಡಳು. ಮದುವೆಯಾಗಿ ಬಂದ ಹದಿನೆಂಟು ವರ್ಷದಲ್ಲಿ ಅತ್ತೆಗೆ ಎದುರು ನಿಂತು ಮಾತಾಡಿದವಳಲ್ಲ.

"ಏ ಮುದಕೀ! ನನ್ನ ಮಾರಿ ಏನ ನೋಡ್ತಿ? ಗುಲಾಬಸಾಬನ ಟಾಂಗಾ ತರಸು, ಓಡು!"

ಮುದಕವ್ವನ ಮುಖ ಕೆಂಪಾಯಿತು, ಮೂಗಿನ ಹೊಳ್ಳೆಗಳು ಅರಳಿದವು. ಆದರೂ ಎರಡೂ ಕೈ ಜೋಡಿಸಿದಳು. "ಹೂಂ ತಾಯಿ," ಎಂದವಳೇ ಓಣಿಗೆ ಓಡಿದಳು.

"ಗೋದೀ, ನೀನೂ ಏಳು."

"ಸೂಜಿ ಚುಚ್ಚತಾರವ್ವಾ. ನಮ್ಮ ಮೈದುನನ ಮಗಳಿಗೆ ಚುಚ್ಚಿಸಿ ನಿನ್ನ ಸಿಟ್ಟಿಗೇಳಿಸಿದ್ರು. ಮರುದಿನಾನ ಹೋತು ಕೂಸು."

"ತಡಾ ಮಾಡಿ ಒಯ್ದಿದ್ರು. ಅದಕ್ಕ ಬಂದಿತ್ತು ನನಗ ಸಿಟ್ಟು."

"ಮನಿಯವರು ರೇಲ್ವೆ ಡ್ಯೂಟಿ ಮುಗಿಸಿ ಸಂಜಿಕೆ ಬರತಾರ, ಅವರನ್ನೊಂದ ಮಾತ ಕೇಳಿ..."

"ನಾ ದೊಡ್ಡಾಕ್ಯೋ, ನಿನ್ನ ಗಂಡ ದೊಡ್ಡಾಂವೋ?"

ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೆ ಲಯ ತಪ್ಪುತ್ತದೆ. ನೂರು ಸುತ್ತು ಯಾವಾಗಲೋ ಮುಗಿದಿತ್ತು. ಗೋದಾಬಾಯಿ ತನ್ನ ಮುಖ ನೋಡುತ್ತಿಲ್ಲ, ರಿಂಗನ್ನು ನೋಡುತ್ತಿದ್ದಾಳೆ ಎಂಬುದು ಸಾವಂತ್ರೆವ್ವನಿಗೆ ಆಗ ಹೊಳೆಯಿತು. ರಿಂಗು ಬಿದ್ದರೆ ದೇವಿ ಹೋದಳು. ದೇವಿ ಹೋದರೆ ಈ ತಾಯಿ ಬೇವಿನ ತಪ್ಪಲು ಹಿಡಿದು ಮನೆಗೆ ಹೋಗುತ್ತಾಳೆ.

"ಆ ಸೂಜ್ಯಾಗೂ ನಾನ ಇರತೇನಿ," ಎಂದಳು ಹಲ್ಲು ಕಚ್ಚಿ. "ಎಷ್ಟ ಚುಚ್ಚಿದ್ರೂ ತಡೀಬ್ಯಾಡ. ಏಳ ಮಗಳ, ಏಳು!"

ಗೋದಾಬಾಯಿ ನೆಲಕ್ಕೆ ಹಣೆ ಹಚ್ಚಿದಳು. ಮಗುವನ್ನು ಎತ್ತಿಕೊಂಡು ಎದ್ದಳು.

ಹೊರಗೆ ಟಾಂಗಾ ಬಂದು ನಿಂತ ಸಪ್ಪಳವಾಯಿತು. ಮುದಕವ್ವ ಒಳಗೆ ಬಂದು ಮಗುವಿಗೆ ಚಾದರ ಹೊದಿಸಿದಳು, ಗೋದಾಬಾಯಿಯನ್ನು ಮುಂದೆ ದೂಡಿದಳು. ತಾನೂ ಹೊಸ್ತಿಲು ದಾಟುವಾಗ ಹಿಂದಕ್ಕೆ ಬಾಗಿ ಪಿಸುಗುಟ್ಟಿದಳು: "ಟಾಂಗಾ ಹತ್ತೂತನಕ ಬೀಳಿಸಬ್ಯಾಡವಾ. ಹೊಳ್ಳಿ ಹೊಳ್ಳಿ ನೋಡಾಕತ್ತಾಳ."

ತೆರೆದ ಬಾಗಿಲಲ್ಲಿ ಎಲ್ಲವೂ ಕಾಣುತ್ತಿತ್ತು. ಗೋದಾಬಾಯಿ ಮನೆಯತ್ತ ಮುಖ ಮಾಡಿ ಟಾಂಗಾದ ಹಿಂಬದಿಯಲ್ಲಿ ಕೂತಳು, ಪಕ್ಕದಲ್ಲಿ ಮುದಕವ್ವ. ಗುಲಾಬಸಾಬ ಲಗಾಮು ಎಳೆದ. ಟಾಂಗಾ ಓಣಿಯ ಮೂಲೆಯಲ್ಲಿ ತಿರುಗಿತು. ಕುದುರೆಯ ಗೊರಸಿನ ಸದ್ದು ದುರ್ಗದಬೈಲಿನ ಕಡೆಗೆ ಸ್ವಲ್ಪ ಹೊತ್ತು ಕೇಳಿಸಿ, ಆಮೇಲೆ ಅಡಗಿತು.

ಇನ್ನು ನೋಡುವವರು ಯಾರೂ ಇರಲಿಲ್ಲ. ಸಾವಂತ್ರೆವ್ವನ ಮೀನಖಂಡಗಳು ನಡುಗುತ್ತಿದ್ದವು. "ಇದು ಬರೇ ಬಿದಿರು. ಮೇದಾರ ಮಾಡಿದ್ದು," ಎಂದು ಖಾಲಿ ಮನೆಯಲ್ಲಿ ಗಟ್ಟಿಯಾಗಿಯೇ ಹೇಳಿಕೊಂಡಳು. ಅಷ್ಟರಲ್ಲಿ ರಿಂಗು ಓರೆಯಾಗಿ ತೊಡೆಯತ್ತ ಜಾರಿತು. ಅವಳು ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಕೂಡಿಸಿ, ಅದನ್ನು ಮತ್ತೆ ಮೇಲಕ್ಕೆತ್ತಿಕೊಂಡಳು.